ತೊಳೆಯದೆ ಕೂತವನ ಸಿನಿಮಾ

ಮಾರ್ಟಿನ್ ಸ್ಕಾರ್ಸೇಸಿಯ ‘ದಿ ಏವಿಯೇಟರ್’ (2004) ಸಿನಿಮಾವನ್ನ ಬಹಳ ಜನ ವಿಮಾನಗಳಿಗಾಗಿ ನೆನಪಿಟ್ಟುಕೊಂಡಿದ್ದಾರೆ. ನನಗೆ ನೆನಪಿರೋದು ಒಂದು ಶೌಚಾಲಯದ ಬಾಗಿಲು. ಹೋವರ್ಡ್ ಹ್ಯೂಸ್, ಅಂದರೆ ಲಿಯೊನಾರ್ಡೊ ಡಿಕಾಪ್ರಿಯೊ, ತನ್ನದೇ ಸೋಪು ತೆಗೆದು ಕೈ ತೊಳೀತಾನೆ. ಉಜ್ಜಿ ಉಜ್ಜಿ ಕೈಯಲ್ಲಿ ರಕ್ತ ಬರುತ್ತೆ. ಸರಿ, ತೊಳೆದಾಯ್ತು, ಹೊರಗೆ ಹೋಗಬೇಕು. ಆದರೆ ಹೋಗೋದಕ್ಕೆ ಬಾಗಿಲ ಹಿಡಿಕೆ ಮುಟ್ಟಬೇಕಲ್ಲ? ಅಮೆರಿಕದ ದೊಡ್ಡ ಶ್ರೀಮಂತ, ತಾನೇ ವಿಮಾನ ಹಾರಿಸಿ ದಾಖಲೆ ಮಾಡಿದವನು, ಅಂಗೈಯಷ್ಟಿರುವ ಹಿಡಿಕೆಯೊಂದರ ಮುಂದೆ ನಿಂತುಬಿಡ್ತಾನೆ. ಬೇರೆ ಯಾರಾದರೂ ಬಾಗಿಲು ತೆಗೆಯೋವರೆಗೂ ಕಾಯ್ತಾನೆ. ತೆಗೆದ ಕೂಡಲೇ ಸಂದಿಯಲ್ಲಿ ನುಸುಳಿ ಪಾರಾಗ್ತಾನೆ.

ಗೆಳೆಯರ ರೂಮಿನಲ್ಲಿ ಐದಾರು ಜನ ಕೂತು ನೋಡ್ತಾ ಇದ್ವಿ. ಒಂದಿಬ್ಬರು ನಕ್ಕರು. ನಾನು ನಗಲಿಲ್ಲ. ಅಂಥದೊಂದು ಬಾಗಿಲ ಒಳಗಡೆ ನಾನೂ ನಿಂತು ಬಂದವನು.

ಬೆಂಗಳೂರಿಂದ ಹುಬ್ಬಳ್ಳಿಗೆ ಹೋಗೋ ರಾತ್ರಿ ಬಸ್ಸು. ಅಕ್ಕನ ಮಗಳ ನಾಮಕರಣಕ್ಕೆ ಹೊರಟಿದ್ದೆ. ಚಿತ್ರದುರ್ಗದ ಹತ್ತಿರ ಹೆದ್ದಾರಿ ಹೋಟೆಲೊಂದರ ಮುಂದೆ ಬಸ್ಸು ನಿಂತಿತು. ‘ಹತ್ತೇ ನಿಮಿಷ’ ಅಂದ ಕಂಡಕ್ಟರು. ಕೈ ತೊಳೆದೆ, ನಲ್ಲಿ ನಿಲ್ಲಿಸಿದೆ. ಆಗ ತಲೆಯಲ್ಲಿ ಒಂದು ಲೆಕ್ಕ ಶುರುವಾಯ್ತು. ಈ ನಲ್ಲಿಯನ್ನ ನಾನು ತಿರುಗಿಸಿದ್ದು ಕೊಳೆ ಕೈಯಿಂದ. ನಿಲ್ಲಿಸಿದ್ದು ತೊಳೆದ ಕೈಯಿಂದ. ಹಾಗಾದರೆ ತೊಳೆದ ಕೈ ಮತ್ತೆ ಕೊಳೆಯಾಯ್ತು. ಮತ್ತೆ ತೊಳಿ. ನಲ್ಲಿಗೂ ಸೋಪು ಹಚ್ಚು. ಸೋಪನ್ನ ಎಷ್ಟು ಜನ ಮುಟ್ಟಿದ್ದಾರೋ? ಮತ್ತೆ ತೊಳಿ. ಈ ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ ನೋಡಿ, ಅದೇ ಅದರ ತೊಂದರೆ. ಹೊರಗೆ ಹಾರನ್ ಕೇಳಿಸ್ತಿತ್ತು. ಕೊನೆಗೆ ಕ್ಲೀನರ್ ಹುಡುಗ ಬಂದು ಬಾಗಿಲು ದೂಡಿ ‘ಏನ್ರೀ, ಇಲ್ಲೇ ಇರ್ತೀರಾ?’ ಅಂದ. ಅವನಿಗೆ ಇವತ್ತಿಗೂ ನಾನು ಋಣಿ. ಬೈದದ್ದಕ್ಕಲ್ಲ, ಬಾಗಿಲು ತೆಗೆದದ್ದಕ್ಕೆ.

ಮಾರನೇ ದಿನ ಅಕ್ಕ ಕೂಸನ್ನ ನನ್ನ ಕಡೆ ಚಾಚಿದಳು. ‘ಬೇಡ, ನೆಗಡಿ ಇದೆ’ ಅಂದೆ. ನೆಗಡಿ ಇರಲಿಲ್ಲ. ನನ್ನ ಕೈ ಆ ಕೂಸಿಗೆ ತಕ್ಕಷ್ಟು ಶುದ್ಧವಿಲ್ಲ ಅನ್ನಿಸಿತ್ತು. ‘ಏವಿಯೇಟರ್’ನಲ್ಲಿ ಇದಕ್ಕೂ ಒಂದು ದೃಶ್ಯವಿದೆ. ಊರುಗೋಲು ಹಿಡಿದವನೊಬ್ಬ ಕೈ ಒರೆಸೋದಕ್ಕೆ ಟವೆಲ್ ಕೇಳ್ತಾನೆ. ಹ್ಯೂಸ್‌ಗೆ ಅದನ್ನ ಎತ್ತಿ ಕೊಡಕ್ಕಾಗಲ್ಲ. ಕರುಣೆ ಇಲ್ಲ ಅಂತಲ್ಲ, ಕೈ ಮುಂದಕ್ಕೆ ಬರಲ್ಲ. ಈ ಕಾಯಿಲೆ ಮನುಷ್ಯನನ್ನ ಒಳಗಿಂದ ಸುಡುತ್ತೆ, ಹೊರಗಿನವರಿಗೆ ಮಾತ್ರ ಅವನು ಸೊಕ್ಕಿನವನ ಥರ ಕಾಣ್ತಾನೆ. ಇಷ್ಟನ್ನ ಒಂದು ಟವೆಲ್ಲಿನಲ್ಲಿ ಹೇಳಿದ್ದಕ್ಕೆ ಸ್ಕಾರ್ಸೇಸಿಗೆ ನಮಸ್ಕಾರ. ಆದರೆ ಸಿನಿಮಾದ ಶುರುವಿನಲ್ಲೇ ತಾಯಿ ಮಗನಿಗೆ ಸ್ನಾನ ಮಾಡಿಸ್ತಾ ಕಾಲರಾ, ಟೈಫಸ್ ಅಂತ ಹೆದರಿಸೋ ದೃಶ್ಯ ಇದೆ, ನೋಡಿ, ಅದು ನನಗೆ ಸುಲಭದ ಉತ್ತರ ಅನ್ನಿಸುತ್ತೆ. ಹಾಗೆ ಹೆದರಿಸಿದ ತಾಯಂದಿರು ಎಷ್ಟೋ ಜನ. ಅವರ ಮಕ್ಕಳೆಲ್ಲ ಬಾಗಿಲ ಮುಂದೆ ನಿಲ್ಲಲಿಲ್ಲ.

ಇನ್ನು ಉಳಿದ ಸಿನಿಮಾಗಳಿಗೆ ಬರೋಣ. ತಮಾಷೆ ಅಂದರೆ, ಈ ಗೀಳಿನ ಬಗ್ಗೆ ಸಿನಿಮಾ ಮಾಡಿದವರಿಗೆಲ್ಲ ನಾಯಕನನ್ನ ಮನೆಯಿಂದ ಹೊರಗೆ ಹಾಕೋ ಆಸೆ. ಅದು ಸರಿಯಾದ ಊಹೆಯೇ. ಮನೆಯಲ್ಲಿ ನಮ್ಮದೇ ನಲ್ಲಿ, ನಮ್ಮದೇ ಸೋಪು, ನಮ್ಮ ಲೆಕ್ಕಕ್ಕೆ ಒಗ್ಗಿಹೋದ ಮನೆಮಂದಿ. ಪರೀಕ್ಷೆ ಇರೋದು ಪರಊರಿನಲ್ಲಿ.

ಜೇಮ್ಸ್ ಎಲ್. ಬ್ರೂಕ್ಸ್‌ನ ‘ಆ್ಯಸ್ ಗುಡ್ ಆ್ಯಸ್ ಇಟ್ ಗೆಟ್ಸ್’ (1997) ನಾಯಕ ಮೆಲ್ವಿನ್ ಹೊಸ ಸೋಪು ಬಿಚ್ಚಿ, ಒಂದು ಸಲ ಉಜ್ಜಿ ಬಿಸಾಕ್ತಾನೆ. ಹೋಟೆಲಿಗೆ ತನ್ನದೇ ಪ್ಲಾಸ್ಟಿಕ್ ಚಮಚ ಒಯ್ತಾನೆ. ಅದೇ ಟೇಬಲ್, ಬಡಿಸೋಕೆ ಅದೇ ಕ್ಯಾರಲ್ ಬೇಕು. ಮಗನ ಆಸ್ತಮಾದಿಂದ ಅವಳು ಕೆಲಸಕ್ಕೆ ಬರೋದು ನಿಂತಾಗ ತನ್ನ ದುಡ್ಡಲ್ಲಿ ಡಾಕ್ಟರನ್ನೇ ಕಳಿಸ್ತಾನೆ. ಎಲ್ಲರೂ ಇದನ್ನ ಔದಾರ್ಯ ಅಂತ ಓದ್ತಾರೆ. ನನಗೆ ಅದು ಗೀಳಿನ ಅತ್ಯಂತ ನಿಜವಾದ ಚಿತ್ರ. ತನ್ನ ಕ್ರಮ ತಪ್ಪದೇ ಇರಲಿ ಅಂತ ಗೀಳು ಎಷ್ಟು ಖರ್ಚನ್ನಾದರೂ ಮಾಡುತ್ತೆ. ಆಮೇಲೆ ಬಾಲ್ಟಿಮೋರಿಗೆ ಕಾರಿನಲ್ಲಿ ಪಯಣ, ಪ್ರೀತಿ. ಕೊನೆಯಲ್ಲಿ ಬಾಗಿಲಿಗೆ ಬೀಗ ಹಾಕೋದೇ ಮರೆತುಹೋಗುತ್ತೆ. ಜ್ಯಾಕ್ ನಿಕಲ್ಸನ್‌ಗೆ ಆಸ್ಕರ್ ಬಂತು. ಪ್ರೇಕ್ಷಕರಿಗೆ ಮಾತ್ರ ‘ಒಳ್ಳೆ ಹುಡುಗಿ ಸಿಕ್ಕರೆ ಸರಿಹೋಗುತ್ತೆ’ ಅನ್ನೋ ನಮ್ಮೂರ ಹಿರಿಯರ ಸಲಹೆಯೇ ಸಿಕ್ಕಿತು.

ತೆಲುಗಿನ ‘ಮಹಾನುಭಾವುಡು’ (2017) ಇದನ್ನೇ ಜೋರಾಗಿ ಹೇಳುತ್ತೆ. ಶರ್ವಾನಂದ್‌ನ ಶುಚಿತ್ವದ ಪರದಾಟಕ್ಕೆ ಜನ ಹೊಟ್ಟೆ ಹಿಡಿದು ನಗಬೇಕು. ಕೊನೆಗೆ ಅವನು ಹುಡುಗಿಗಾಗಿ ಹಳ್ಳಿಯ ಕುಸ್ತಿಯ ಮಣ್ಣಿಗೆ ಇಳಿಯುವಾಗ ಚಪ್ಪಾಳೆ ಹೊಡೀಬೇಕು. ಇರ್ಲಿ, ಸಿನಿಮಾ ಓಡಿತು. ಆದರೆ ಈ ಕಾಯಿಲೆ ಇರುವವನಿಗೆ ಅದು ಕಲಿಸೋದು ಒಂದೇ: ‘ನಿಂಗೆ ಧೈರ್ಯ ಇಲ್ಲ.’

ಇವುಗಳ ಮಧ್ಯೆ ನನಗೆ ಹತ್ತಿರವಾದದ್ದು ಮಲಯಾಳದ ‘ನಾರ್ತ್ 24 ಕಾದಂ’ (2013). ನಿರ್ದೇಶಕ ಅನಿಲ್ ರಾಧಾಕೃಷ್ಣನ್ ಮೆನನ್. ಕಾದಂ ಅಂದರೆ ನಮ್ಮ ಗಾವುದದಂಥ ಹಳೇ ಕಾಲದ ದೂರದ ಅಳತೆ. ಸಾಫ್ಟ್‌ವೇರ್ ಕೆಲಸದ ಹರಿ, ಅಂದರೆ ಫಹಾದ್ ಫಾಸಿಲ್, ರೈಲು ಹತ್ತಿದ್ದಾನೆ. ಅದೇ ರೈಲಿನಲ್ಲಿ ನೆಡುಮುಡಿ ವೇಣು ಮಾಡಿರೋ ಮುದುಕ, ಅವನಿಗೆ ಹೆಂಡತಿಗೆ ಹುಷಾರಿಲ್ಲ ಅಂತ ಸುದ್ದಿ ಬರುತ್ತೆ. ಅವತ್ತೇ ಹರತಾಳ. ಹರಿ, ಮುದುಕ, ಇನ್ನೊಬ್ಬ ಅಪರಿಚಿತ ಹುಡುಗಿ, ಮೂವರೂ ಸಿಕ್ಕ ಗಾಡಿ ಹಿಡಿದು ಉತ್ತರಕ್ಕೆ ಹೊರಡ್ತಾರೆ. ಇಲ್ಲಿ ಹರಿಯ ಗೀಳನ್ನ ಯಾರೂ ಗೆಲ್ಲೋದಕ್ಕೆ ಹೊರಟಿಲ್ಲ. ಬೇರೊಬ್ಬರ ಸಂಕಟ ಮುಂದೆ ನಿಂತಿದೆ, ಇವನ ಕೈ ಹಾಗೇ ಉಳಿದುಬಿಡುತ್ತೆ, ಅಷ್ಟೇ. ಆದರೂ ಒಂದು ತಕರಾರು: ಒಂದೇ ಪ್ರಯಾಣಕ್ಕೆ ಮನುಷ್ಯ ಹಗುರಾಗಿಬಿಡ್ತಾನೆ. ನಾನು ಆ ದಾರಿಯಲ್ಲಿ ಹೋದದ್ದು ಲೆಕ್ಕವಿಲ್ಲದಷ್ಟು ಸಲ.

ಎಡವೋದು ಎಲ್ಲಿ? ಎಲ್ಲ ಸಿನಿಮಾಗಳೂ ಇದನ್ನ ಶುಚಿತ್ವದ ಪ್ರೀತಿ ಅಂದುಕೊಂಡಿವೆ. ನಮ್ಮಲ್ಲಿ ಇದನ್ನ ‘ಮಡಿ ಜಾಸ್ತಿ’ ಅಂತಾರೆ. ಮಡಿಯ ಸರಿತಪ್ಪು ಬೇರೆ ಮಾತು, ಆದರೆ ಅದಕ್ಕೊಂದು ಕೊನೆ ಇದೆ. ಸ್ನಾನ ಮಾಡಿ ಮಡಿಬಟ್ಟೆ ಉಟ್ಟರೆ ಮುಗೀತು, ನಿಯಮವೇ ‘ಸಾಕು’ ಅನ್ನುತ್ತೆ. ಗೀಳಿನಲ್ಲಿ ಇಲ್ಲದಿರೋದು ಆ ‘ಸಾಕು’ ಒಂದೇ. ಅದು ಕೊಳೆಯ ಕಾಯಿಲೆ ಅಲ್ಲ, ಅನುಮಾನದ ಕಾಯಿಲೆ. ಸಾಹಿತ್ಯದವರು ಇನ್ನೊಂದು ದಾರಿ ತಪ್ಪಿಸಿದ್ದಾರೆ. ‘ಮ್ಯಾಕ್‌ಬೆತ್’ ನಾಟಕದ ಐದನೇ ಅಂಕದಲ್ಲಿ ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ಕೈ ಉಜ್ಜಿಕೊಂಡಳಲ್ಲ, ಆಗಿನಿಂದ ಕೈ ತೊಳೆಯೋದು ಅಂದರೆ ಪಾಪಪ್ರಜ್ಞೆ ಅಂತ ನಮಗೆ ಪಾಠವಾಗಿದೆ. ನಾನು ಯಾರನ್ನೂ ಕೊಂದಿರಲಿಲ್ಲ, ಸ್ವಾಮಿ. ನಲ್ಲಿ ಮುಟ್ಟಿದ್ದೆ.

ಹಾಗಾದರೆ ಪರಿಹಾರ? ಇದ್ದೇ ಇದೆ. 1966ರಲ್ಲಿ ವಿಕ್ಟರ್ ಮೇಯರ್ ಅನ್ನೋ ಮನಃಶಾಸ್ತ್ರಜ್ಞ ಲಂಡನ್ನಿನಲ್ಲಿ ಇಂಥ ರೋಗಿಗಳಿಗೆ ಒಂದು ಚಿಕಿತ್ಸೆ ಮಾಡಿ ಬರೆದ. ಭಯ ಹುಟ್ಟಿಸೋದನ್ನ ಮುಟ್ಟಿಸೋದು, ಆಮೇಲೆ ತೊಳೆಯದ ಹಾಗೆ ನೋಡಿಕೊಳ್ಳೋದು. ತೊಳೆದಾಗ ಸಿಗೋ ಸಮಾಧಾನವೇ ಮುಂದಿನ ಭಯಕ್ಕೆ ಗೊಬ್ಬರ. ತೊಳೆಯದೆ ಕೂತರೆ ಭಯ ಏರುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಗೀಳಿಗೆಂದೇ ಕ್ಲಿನಿಕ್ ಇದೆ. ಮಾತ್ರೆಗಳೂ ಇವೆ, ತಗೊಳ್ಳೋದರಲ್ಲಿ ಅವಮಾನ ಏನಿಲ್ಲ. ಕುಸ್ತಿಯ ಮಣ್ಣಿಗೂ ಈ ಚಿಕಿತ್ಸೆಗೂ ಇರೋ ವ್ಯತ್ಯಾಸ ಇದು: ಇಲ್ಲಿ ಮೆಟ್ಟಿಲುಗಳಿವೆ. ಮೊದಲು ನಮ್ಮ ಮನೆ ನಲ್ಲಿ, ಆಮೇಲೆ ಆಫೀಸಿನ ಲಿಫ್ಟ್ ಗುಂಡಿ, ಆಮೇಲೆ ಬಸ್ ಸ್ಟ್ಯಾಂಡು. ಯಾರೂ ದೂಡಲ್ಲ, ನಾವೇ ಹತ್ತಬೇಕು. ಮನೆಯವರಿಗೂ ಪಾಠವಿದೆ. ಅಕ್ಕ ನನಗಾಗಿ ಹೊಸ ಸೋಪು, ಬೇರೆ ಟವೆಲ್ ಎತ್ತಿಡ್ತಿದ್ದಳು. ‘ಇದು ಕ್ಲೀನಾ?’ ಅಂತ ಹತ್ತು ಸಲ ಕೇಳಿದರೆ ಹತ್ತು ಸಲ ‘ಹೂಂ’ ಅಂತಿದ್ದಳು. ಆ ಪ್ರೀತಿಯೇ ಗೀಳಿಗೆ ಊಟ. ಅದನ್ನ ನಿಲ್ಲಿಸೋದು ಅವಳಿಗೆ ನನಗಿಂತ ಕಷ್ಟವಾಯ್ತು.

ಹೋದ ವರ್ಷ ಅದೇ ರಾತ್ರಿ ಬಸ್ಸು, ಚಿತ್ರದುರ್ಗದ ಹತ್ತಿರ ಅಂಥದೇ ಹೋಟೆಲು. ಎಲ್ಲರ ಹಾಗೆ ಒಂದೇ ಸಲ ಕೈ ತೊಳೆದೆ. ನಲ್ಲಿ ನಿಲ್ಲಿಸಿದೆ. ಹಿಡಿಕೆ ಹಿಡಿದು ಬಾಗಿಲು ತೆಗೆದೆ. ಸೀಟಿನಲ್ಲಿ ಬಂದು ಕೂತೆ. ಬ್ಯಾಗಿನಲ್ಲಿ ಸ್ಯಾನಿಟೈಸರ್ ಇರಲಿಲ್ಲ, ಬೇಕಂತಲೇ ಬಿಟ್ಟು ಬಂದಿದ್ದೆ. ಅಂಗೈ ಉರೀತಿತ್ತು. ದಾವಣಗೆರೆ ಬರೋವಾಗ ಭಯಕ್ಕೆ ಹತ್ತರಲ್ಲಿ ಎಂಟು ಅಂಕ ಕೊಟ್ಟೆ. ರಾಣೆಬೆನ್ನೂರಿಗೆ ಐದು. ಹಾವೇರಿ ಯಾವಾಗ ಹೋಯ್ತೋ ಗೊತ್ತಿಲ್ಲ, ನಿದ್ದೆ ಬಂದುಬಿಟ್ಟಿತ್ತು.

ಸಿನಿಮಾಗಳ ಮೇಲೆ ನನ್ನ ಸಿಟ್ಟು ಕಡಿಮೆಯಾದದ್ದು ಆಗಲೇ. ಕ್ಯಾಮೆರಾಕ್ಕೆ ತೊಳೆಯೋ ಕೈ ಬೇಕು: ನೊರೆ, ನೀರು, ರಕ್ತ. ತೊಳೆಯದೆ ಕೂತ ಕೈಯನ್ನ ಅದು ಹೇಗೆ ತೋರಿಸೀತು? ಕತ್ತಲ ಬಸ್ಸಿನಲ್ಲಿ ಒಬ್ಬ ತೊಡೆ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದಾನೆ, ಏನೂ ನಡೀತಾ ಇಲ್ಲ. ನಮ್ಮ ಕ್ಲೈಮ್ಯಾಕ್ಸ್ ಇಷ್ಟೇ. ಯಾರಾದರೂ ಆ ಮೂರು ಗಂಟೆಯ ಸಿನಿಮಾ ಮಾಡಿದರೆ ನಾನಂತೂ ಟಿಕೆಟ್ ತಗೋತೀನಿ.

ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದಾಗ ಅಕ್ಕನ ಮಗಳು ಓಡಿ ಬಂದಳು. ಈಗ ಅವಳಿಗೆ ಆರು ವರ್ಷ, ಎತ್ತಿಕೊಳ್ಳೋಕೆ ಭಾರ. ಎತ್ತಿಕೊಂಡೆ.