ಕೊರ್ಕೊವಾಡೊ: ದೋಣಿ ಬಿಟ್ಟು ಕಾಲಿಗೆ ಕೆಲಸ ಕೊಡಿ

‘ಇಕೊ’ ಎಂದು ಬೋರ್ಡು ಹಾಕಿಕೊಂಡ ರೆಸಾರ್ಟುಗಳ ಮೇಲೆ ನನಗೆ ನಂಬಿಕೆ ಅಷ್ಟಕ್ಕಷ್ಟೆ. ಬಿದಿರಿನ ಬ್ರಷ್ ಕೊಟ್ಟು, ‘ಟವೆಲ್ ದಿನಾ ಒಗೆಯುವುದಿಲ್ಲ’ ಎಂದು ಚೀಟಿ ಅಂಟಿಸಿ, ಹಿತ್ತಲಲ್ಲಿ ಇಡೀ ದಿನ ಜನರೇಟರ್ ಓಡಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಅಮೆರಿಕದಲ್ಲಿರುವ ಕನ್ನಡಿಗರು ರಜೆ ಬಂತೆಂದರೆ ಕೋಸ್ಟರಿಕಾಕ್ಕೆ ಹೊರಡುತ್ತಾರೆ. ಕಾಡಿಗೆ ಹೊರೆಯಾಗದಂತೆ ಎಲ್ಲಿ ಉಳಿಯೋಣ ಎಂದು ಕೇಳುತ್ತಾರೆ. ನನ್ನ ಉತ್ತರ ಒಂದೇ. ಆ ದೇಶದ ನೈಋತ್ಯ ಮೂಲೆಯಲ್ಲಿ, ಪೆಸಿಫಿಕ್ ಸಾಗರಕ್ಕೆ ಚಾಚಿಕೊಂಡ ಒಸಾ ಪರ್ಯಾಯದ್ವೀಪದಲ್ಲಿ ಕೊರ್ಕೊವಾಡೊ ರಾಷ್ಟ್ರೀಯ ಉದ್ಯಾನವಿದೆ. ಅದರೊಳಗಿನ ಸಿರೇನಾ ಅರಣ್ಯ ಠಾಣೆಯಲ್ಲಿ ಉಳಿಯಿರಿ. ಅಲ್ಲಿ ‘ಪರಿಸರಪ್ರೇಮ’ವನ್ನು ನಿಮ್ಮ ಮರ್ಜಿಗೆ ಬಿಟ್ಟಿಲ್ಲ.

ಈ ಕಾಡು ಉಳಿದದ್ದು ಜಗಳದಲ್ಲಿ. ಎಪ್ಪತ್ತರ ದಶಕದಲ್ಲಿ ಒಸಾದ ದೊಡ್ಡ ಪಾಲು ನೆಲ ಒಂದು ಅಮೆರಿಕನ್ ಮರದ ಕಂಪನಿಯ ಕೈಯಲ್ಲಿತ್ತು. 1975ರ ಅಕ್ಟೋಬರಿನಲ್ಲಿ ಅಧ್ಯಕ್ಷ ಡೇನಿಯಲ್ ಒಡುಬರ್ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ಇದಕ್ಕಾಗಿ ಓಡಾಡುತ್ತಿದ್ದ ಸ್ವೀಡನ್ನಿನ ಓಲೋಫ್ ವೆಸ್‌ಬರ್ಗ್ ಅದೇ ವರ್ಷ ಒಸಾದಲ್ಲೇ ಕೊಲೆಯಾದರು. ಎಂಬತ್ತರ ದಶಕದಲ್ಲಿ ಹೊಳೆಗಳಲ್ಲಿ ಚಿನ್ನ ಜಾಲಿಸುವವರು ಮುತ್ತಿಕೊಂಡರು. 1986ರಲ್ಲಿ ಅವರನ್ನು ಹೊರಹಾಕಬೇಕಾಯಿತು. ಕಾಡಂಚಿನ ದೋಸ್ ಬ್ರಾಸೋಸ್ ಊರಿನಲ್ಲಿ ಹಿಂದೆ ಚಿನ್ನಕ್ಕೆ ಹೊಳೆ ಅಗೆದವರೇ ಈಗ ಪ್ರವಾಸಿಗರಿಗೆ ಕಾಡು ತೋರಿಸುತ್ತಾರೆ. ಕದ್ದು ಅಗೆಯುವವರು ಇವತ್ತಿಗೂ ಇದ್ದಾರೆ, ಅದು ಬೇರೆ ಮಾತು.

ಸಿರೇನಾಕ್ಕೆ ರಸ್ತೆಯಿಲ್ಲ. ಪುಯೆರ್ತೊ ಹಿಮೆನೆಸ್ ಎಂಬ ಪೇಟೆಯಿಂದ ಬೆಂಚು ಜೋಡಿಸಿದ ಟ್ರಕ್ಕು ಹೊಳೆಗಳನ್ನು ದಾಟುತ್ತ ಸುಮಾರು ಎರಡು ತಾಸಿನಲ್ಲಿ ಕರಾತೆಗೆ ತಲುಪಿಸುತ್ತದೆ. ಮುಂದಿನದೆಲ್ಲ ನಡಿಗೆ. ಮರಳ ಮೇಲೆ ಮೂರೂವರೆ ಕಿ.ಮೀ. ನಡೆದರೆ ಲಾ ಲಿಯೋನಾ ಠಾಣೆ, ಅಲ್ಲಿಂದ ಇನ್ನೂ ಹದಿನಾರು ಕಿ.ಮೀ. ದಾರಿ ಒಮ್ಮೆ ಕಾಡಿನೊಳಗೆ ನುಗ್ಗುತ್ತದೆ, ಒಮ್ಮೆ ದಂಡೆಗೆ ಇಳಿಯುತ್ತದೆ. ಹೊರಡುವ ಹೊತ್ತನ್ನು ಸಮುದ್ರವೇ ನಿಶ್ಚಯಿಸುತ್ತದೆ: ಭರತದ ವೇಳೆ ಬಂಡೆಯ ಮೂಲೆಗಳನ್ನು ದಾಟಲಾಗದು, ಹೊಳೆಯ ಬಾಯಲ್ಲಿ ನೀರು ಎದೆಗೆ ಬರುತ್ತದೆ. ಸಿರೇನಾ ಹೊಳೆಯ ಅಳಿವೆಯಲ್ಲಿ ಮೊಸಳೆಯೂ ಇದೆ, ಬುಲ್ ಶಾರ್ಕೂ ಇದೆ. ನಮ್ಮ ಮಲ್ಪೆ, ಗಂಗೊಳ್ಳಿಯ ಮೀನುಗಾರರಿಗೆ ಇಳಿತ ನೋಡಿ ಹೊರಡುವುದನ್ನು ಯಾರೂ ಕಲಿಸಬೇಕಿಲ್ಲ. ಬೆಂಗಳೂರಿನಲ್ಲಿ ಬೆಳೆದವರು ಇಲ್ಲಿ ಕಲಿಯುತ್ತಾರೆ.

ದಂಡೆಯುದ್ದಕ್ಕೂ ಬಾದಾಮಿ ಮರಗಳು. ಅದೇ, ನಮ್ಮ ಕರಾವಳಿಯ ಶಾಲೆಯ ಅಂಗಳದಲ್ಲಿ ಕೊಡೆಯಂತೆ ಹರಡಿಕೊಂಡು, ಕೆಂಪೆಲೆ ಉದುರಿಸುವ ಮರ. ಏಷ್ಯಾದ ಈ ಮರವನ್ನು ಮನುಷ್ಯರು ಅಮೆರಿಕ ಖಂಡಕ್ಕೆ ಒಯ್ದರು. ಈಗ ಒಸಾದ ಕೆಂಪು ಮಕಾವ್ ಗಿಳಿಗಳಿಗೆ ಅದೇ ಅಚ್ಚುಮೆಚ್ಚಿನ ಊಟ. ಮರದ ಕೆಳಗೆ ನಿಂತರೆ ಮೊದಲು ಸದ್ದು ಕೇಳುತ್ತದೆ: ಕಟಕಟ. ಆಮೇಲೆ ಹಸಿರು ಸಿಪ್ಪೆಯ ಚೂರುಗಳು ತಲೆ ಮೇಲೆ ಬೀಳುತ್ತವೆ. ಹಕ್ಕಿ ಒಂದು ಕಾಲಿನಲ್ಲಿ ಕೊಂಬೆ ಹಿಡಿದು, ಇನ್ನೊಂದರಲ್ಲಿ ಕಾಯಿ ಎತ್ತಿ, ಕೊಕ್ಕಿನಿಂದ ಸುತ್ತ ಕೆರೆದು, ಗೊರಟು ಒಡೆದು, ಒಳಗಿನ ತಿರುಳನ್ನಷ್ಟೇ ತಿಂದು ಉಳಿದದ್ದನ್ನು ಉದಾಸೀನವಾಗಿ ಎಸೆಯುತ್ತದೆ. ಸ್ಥಳೀಯ ಮರ ಬಿಟ್ಟು ಬೇರೆ ಕಂಡರೆ ಕೊಡಲಿ ಎತ್ತುವ ನಮ್ಮ ಶುದ್ಧವಾದಿ ಗೆಳೆಯರನ್ನು ಇದರ ಕೆಳಗೆ ಒಂದು ಗಳಿಗೆ ನಿಲ್ಲಿಸಬೇಕು.

ಕಾಲ ಬುಡದಲ್ಲಿ ಸನ್ಯಾಸಿ ಏಡಿಗಳು ಖಾಲಿ ಚಿಪ್ಪು ಹೊತ್ತು ಓಡುತ್ತಿರುತ್ತವೆ. ಮೈ ಬೆಳೆದಂತೆ ಅವಕ್ಕೆ ದೊಡ್ಡ ಚಿಪ್ಪು ಬೇಕು. ನೀವು ಷೋಕೇಸಿಗೆಂದು ಎತ್ತಿಟ್ಟುಕೊಳ್ಳುವ ಚಿಪ್ಪು ಯಾವುದೋ ಏಡಿಯ ಮುಂದಿನ ಮನೆ.

ಠಾಣೆಯ ನಿಯಮ ಬಿಗಿ. ಹೊರಗಿನ ತಿಂಡಿ ತರುವಂತಿಲ್ಲ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕೂ ಇಲ್ಲ. ಚೀಲ ಬಿಚ್ಚಿ ನೋಡುತ್ತಾರೆ. ಬೂಟು ಕಳಚಿಯೇ ಮರದ ಜಗಲಿ ಹತ್ತಬೇಕು. ಗೋಡೆಯಿಲ್ಲದ ಮಾಡಿನ ಕೆಳಗೆ ಸೊಳ್ಳೆಪರದೆ ಕಟ್ಟಿದ ಅಟ್ಟಣೆ ಮಂಚಗಳು. ಅಡುಗೆ, ವಸತಿ ನೋಡಿಕೊಳ್ಳುವುದು ಸ್ಥಳೀಯರದೇ ಸಂಘ, ಹಾಗಾಗಿ ದುಡ್ಡು ಒಸಾದಲ್ಲೇ ಉಳಿಯುತ್ತದೆ. ಸಸ್ಯಾಹಾರಿಗಳು ಹೆದರಬೇಕಿಲ್ಲ: ಅನ್ನಕ್ಕೆ ಕಪ್ಪು ಬೀನ್ಸ್ ಬೆರೆಸಿ ಹುರಿದ ಗಾಯೊ ಪಿಂಟೊ ಆ ದೇಶದ ಬೆಳಗಿನ ತಿಂಡಿ. ಒಂದು ಮಿಡಿ ಉಪ್ಪಿನಕಾಯಿ ಇದ್ದಿದ್ದರೆ ಎಂದು ನಾಲಗೆ ಹಂಬಲಿಸಿದ್ದು ನಿಜ.

ಬಹಳ ಜನ ಡ್ರೇಕ್ ಕೊಲ್ಲಿಯಿಂದ ಬೆಳಿಗ್ಗೆ ಮೋಟಾರು ದೋಣಿಯಲ್ಲಿ ಬಂದು ಮಧ್ಯಾಹ್ನಕ್ಕೆ ಮರಳುತ್ತಾರೆ. ಇಲ್ಲಿನ ನಾಲ್ಕು ಬಗೆಯ ಕೋತಿಗಳಲ್ಲಿ ಎರಡನ್ನಾದರೂ ಕಂಡಾರು. ಟೇಪಿರ್ ಕಾಣಲೂಬಹುದು, ಆದರೆ ಅದು ಹೆಚ್ಚಾಗಿ ರಾತ್ರಿಯ ಪ್ರಾಣಿ. ಹಗಲು ಕೆಸರಿನಲ್ಲಿ ಬಿದ್ದುಕೊಂಡಿರುತ್ತದೆ. ಮುಸ್ಸಂಜೆಯಲ್ಲಿ ಅದು ಎದ್ದು, ಗಿಡ್ಡ ಸೊಂಡಿಲಿನಂಥ ಮೂಗಾಡಿಸುತ್ತ, ಪಕ್ಕದಲ್ಲಿ ನಿಂತವರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಸೊಪ್ಪು ಮೇಯುವುದನ್ನು ನೋಡಬೇಕಾದರೆ ಅಲ್ಲೇ ಉಳಿದಿರಬೇಕು. ಅರ್ಧ ದಿನದ ಭೇಟಿಗೆ ಸುಟ್ಟ ಪೆಟ್ರೋಲು ದಂಡ ಎಂಬುದು ನನ್ನ ತೀರ್ಮಾನ.

ಬೆಂಗಳೂರಿನಿಂದ ಇಲ್ಲಿಗೆ ಒಂದು ದಿಕ್ಕಿಗೇ 16 ಸಾವಿರ ಕಿ.ಮೀ.ಗಿಂತ ಹೆಚ್ಚು. ಅಷ್ಟು ದೂರ ಹಾರಿ ಬಂದು ಬಟ್ಟೆಚೀಲ ಹಿಡಿದುಕೊಂಡರೆ ಲೆಕ್ಕ ಸರಿಹೋಗದು. ಇದಕ್ಕೆಂದೇ ಊರಿಂದ ಹೊರಡಿ ಎಂದು ನಾನು ಹೇಳಲಾರೆ. ಮಗಳ ಮನೆಗೋ ಕೆಲಸಕ್ಕೋ ಅಮೆರಿಕಕ್ಕೆ ಬಂದವರು ಹತ್ತು ದಿನ ಕೂಡಿಸಿಕೊಂಡು ಹೋಗಿ ಬರಲಿ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ, ಆದ್ದರಿಂದಲೇ ಸಿರೇನಾದ ಮಂಚಗಳು ಬೇಗ ತುಂಬುತ್ತವೆ. 2014ರಿಂದ ಪ್ರಮಾಣಪತ್ರವುಳ್ಳ ಗೈಡ್ ಇಲ್ಲದೆ ಒಳಗೆ ಬಿಡುವುದೂ ಇಲ್ಲ. ಮೊದಲು ಒಸಾದವರೇ ಆದ ಗೈಡನ್ನು ಗೊತ್ತುಮಾಡಿ, ಮಂಚ ಸಿಕ್ಕಿತೆಂದು ಅವರು ತಿಳಿಸಿದ ಮೇಲೆ ವಿಮಾನದ ಟಿಕೆಟ್ ಕೊಳ್ಳಿ.