ಪುತ್ತಿಗೆಯ ಚೌಟರ ಅಂತ್ಯಕಾಲ: ಒಂದು ವಿಮರ್ಶೆ

ಉಳ್ಳಾಲ, ಪುತ್ತಿಗೆ, ಮೂಡುಬಿದಿರೆಗಳಿಂದ ಆಳಿದ ಜೈನ ಅರಸರಾದ ಚೌಟರ ಚರಿತ್ರೆಯು ಸಾಮಾನ್ಯವಾಗಿ ಅಬ್ಬಕ್ಕದೇವಿಯ ಪರಾಕ್ರಮದಲ್ಲಿ ವಿಸ್ತರಿಸಿ, ಟಿಪ್ಪುವಿನ ಪತನದಲ್ಲಿ ಒಂದೇ ವಾಕ್ಯಕ್ಕೆ ಕುಗ್ಗುತ್ತದೆ. ಈ ಕ್ರಮವು ನಮಗೆ ಸಮ್ಮತವಲ್ಲ.

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಚೌಟರ ಮೇಲರಸರಾದ ಕೆಳದಿಯ ನಾಯಕರು ಅಳಿದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಕೆನರಾ ಪ್ರಾಂತವು ಕಂಪೆನಿಯ ವಶವಾದಾಗಲೂ ಹಳೆಯ ಆಳ್ವಿಕೆ ಮರಳಲಿಲ್ಲ. ವಂಶಕ್ಕೆ ದೊರೆತುದು ವಿಶ್ರಾಂತಿವೇತನ ಮಾತ್ರ. ಜಪಾನಿನಲ್ಲಿ ಶೋಗುನರ ಆಡಳಿತವು 1868ರಲ್ಲಿ ಕೊನೆಗೊಂಡು, 1871ರಲ್ಲಿ ಸಂಸ್ಥಾನಗಳು ರದ್ದಾದಾಗ ದೈಮ್ಯೊ ಪ್ರಭುಗಳಿಗೂ ಇಂಥ ಗತಿಯೇ ಒದಗಿತು. ಆದರೆ ಅವರು ತಮ್ಮ ನಾಡನ್ನು ಬಿಟ್ಟು ಟೋಕಿಯೊದಲ್ಲಿ ನೆಲೆಸಬೇಕಾಯಿತು. ಚೌಟರಾದರೋ ಮೂಡುಬಿದಿರೆಯ ಅರಮನೆಯಲ್ಲಿಯೇ ಉಳಿದರು.

ಈ ಭೇದವು ಅಲ್ಪವಲ್ಲ. ಅಧಿಕಾರವು ಹೋದ ಮೇಲೂ ನೆಲೆಯು ಹೋಗಲಿಲ್ಲ. ನವನಾರೀಕುಂಜರ, ಪಂಚನಾರೀತುರಗಗಳನ್ನು ಕೆತ್ತಿದ ಅರಮನೆಯ ಮರದ ಕಂಬಗಳನ್ನು ನಾವು ಶಿಲ್ಪವೆಂದು ಮಾತ್ರ ಮೆಚ್ಚಿ ಹಿಂದಿರುಗುತ್ತೇವೆ. ರಾಜ್ಯವಿಲ್ಲದ ಅರಸುಮನೆತನವೊಂದು ಅವುಗಳ ನಡುವೆ ಹೇಗೆ ಬಾಳಿತೆಂದು ಕೇಳುವುದಿಲ್ಲ. ಕಂದಾಯದ ಕಡತಗಳು ಅಧಿಕಾರದ ಅಂತ್ಯವನ್ನು ಹೇಳಬಲ್ಲವು, ಮರ್ಯಾದೆಯ ಅಂತ್ಯವನ್ನು ಹೇಳಲಾರವು. ಆದುದರಿಂದ ಅಳಿಯಸಂತಾನದ ಮನೆತನದ ಕಾಗದಪತ್ರಗಳನ್ನೂ ಬಸದಿ, ದೇವಸ್ಥಾನಗಳ ಸಂಪ್ರದಾಯಗಳನ್ನೂ ಅವುಗಳೊಡನೆ ಕೂಡಿಸಿ ಓದದೆ ಈ ಅಧ್ಯಾಯವು ಪೂರ್ಣವಾಗದೆಂದು ನಾವು ಭಾವಿಸುತ್ತೇವೆ.