ಶಂಬೂಕನ ಸ್ವಧರ್ಮ

ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ ಕಡೆ ಮನೆಗಳನ್ನು ಇಂದಿಗೂ ಕಸುಬಿನ ಹೆಸರಿನಿಂದ ಗುರುತಿಸುವುದುಂಟು. ಬಡಿಗೇರ, ಕಂಬಾರ, ನಮ್ಮವರಲ್ಲಿ ಪಿಂಜಾರ. ಅರಳೆ ಎಕ್ಕುವ ಬಿಲ್ಲು ಅಟ್ಟ ಸೇರಿದರೂ ಹೆಸರು ಇಳಿದಿಲ್ಲ. ನಿಕಾಹ್ ಮಾತುಕತೆಯಲ್ಲಿ ಎದ್ದು ಕೂರುತ್ತದೆ. ಆದ್ದರಿಂದ ಕುವೆಂಪು ಅವರ ‘ಶೂದ್ರ ತಪಸ್ವಿ’ಯನ್ನು (1944) ನಾವು ಪಕ್ಕದ ಮನೆಯ ಜಗಳವೆಂದು ಓದಲಾರೆವು.

ಕುಂದುಳ್ಳದ್ದಾದರೂ ಸ್ವಧರ್ಮವೇ ಪರಧರ್ಮಕ್ಕಿಂತ ಮೇಲೆಂದು ಗೀತೆ ಎರಡು ಕಡೆ ಹೇಳುತ್ತದೆ, ಮೂರನೆಯ ಮತ್ತು ಹದಿನೆಂಟನೆಯ ಅಧ್ಯಾಯಗಳಲ್ಲಿ. ಆದರೆ ಅದೇ ಹದಿನೆಂಟರಲ್ಲಿ ಕೃಷ್ಣ, ವಿಚಾರ ಮಾಡಿ ಇಷ್ಟಬಂದಂತೆ ನಡೆ ಎಂದು ಅರ್ಜುನನಿಗೆ ಬಿಡುತ್ತಾನೆ. ಉತ್ತರಕಾಂಡದ ಶಂಬೂಕನಿಗೆ ಈ ಭಾಗ್ಯವಿಲ್ಲ. ತಪಸ್ಸಿಗೆ ಕೂತವನು ಶೂದ್ರನೆಂದು ತಿಳಿದದ್ದೇ ತಡ, ರಾಮನ ಕತ್ತಿ ಬೀಳುತ್ತದೆ.

ಕುವೆಂಪು ಈ ಕೊಲೆಯನ್ನು ತಡೆದರು. ಮಗ ಸತ್ತದ್ದು ಶೂದ್ರನ ತಪಸ್ಸಿನಿಂದಲೇ ಎಂದು ದೂರಿದ ಬ್ರಾಹ್ಮಣನನ್ನೇ ರಾಮನ ಅಸ್ತ್ರ ಅಟ್ಟಿಕೊಂಡು ಬರುತ್ತದೆ. ತಪಸ್ವಿಗೆ ತಲೆಬಾಗಿದ ಮೇಲೆಯೇ ಅವನಿಗೆ ಬಿಡುಗಡೆ. ಪುರಾಣವನ್ನು ಹೀಗೆ ತಿರುಗಿಸಿದ್ದನ್ನು ಮಾಸ್ತಿ ಒಪ್ಪಲಿಲ್ಲ. ನಮ್ಮ ತಕರಾರು ಬೇರೆ. ತಪ್ಪೆಲ್ಲ ಬ್ರಾಹ್ಮಣನ ತಲೆಗೆ ಕಟ್ಟಿ, ರಾಮನನ್ನು ಮೊದಲಿನಿಂದಲೂ ಎಲ್ಲ ಬಲ್ಲವನನ್ನಾಗಿ ಮಾಡಿದ್ದಾರೆ. ಆಯುಧ ಕೈಯಲ್ಲಿದ್ದವನಿಗೇ ವಿಚಾರಣೆ ಇಲ್ಲ. ಶಂಬೂಕನ ಜೀವ ಉಳಿಯಿತು, ಸಂತೋಷವೇ. ಆದರೆ ಅದು ಉಳಿದದ್ದು ಅರಸನು ಒಳ್ಳೆಯವನಾಗಿದ್ದರಿಂದ.